ನರನೋವಿಗೆ ಪ್ಯಾಚ್: ಅಂಟಿಸುವುದು ಹೇಗೆ, ತೆಗೆಯುವುದು ಯಾವಾಗ

ನೋವಿನ ಪ್ಯಾಚ್ ಎಂದರೆ ಪೊಟ್ಟಣ ಹರಿದು, ನೋಯುವ ಕಡೆ ಒತ್ತಿ, ಮರೆತುಬಿಡುವ ಪಟ್ಟಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನರನೋವಿನ ಪ್ಯಾಚ್ ಹಾಗಲ್ಲ. ಅದಕ್ಕೆ ಡೋಸ್ ಇದೆ, ಹೊತ್ತಿನ ಲೆಕ್ಕ ಇದೆ, ಹಾಕಬಾರದ ಜಾಗಗಳೂ ಇವೆ. ಮಾತ್ರೆಯನ್ನು ಎಷ್ಟು ಎಚ್ಚರದಿಂದ ನುಂಗುತ್ತೇವೋ ಇದನ್ನೂ ಅಷ್ಟೇ ಎಚ್ಚರದಿಂದ ಅಂಟಿಸಬೇಕು.

ಮೊದಲು, ನೋವು ಯಾವುದು ಅಂತ ನೋಡಿ

ನರನೋವಿನ ಗುಣವೇ ಬೇರೆ. ಉರಿಯುತ್ತದೆ, ಸೂಜಿ ಚುಚ್ಚಿದ ಹಾಗಾಗುತ್ತದೆ, ಒಮ್ಮೊಮ್ಮೆ ಕರೆಂಟ್ ಹೊಡೆದ ಹಾಗೆ ಝಲ್ಲೆನ್ನುತ್ತದೆ. ಕೆಲವರಿಗೆ ಅಂಗಿಯ ಬಟ್ಟೆ ಸೋಕಿದರೂ ಸಾಕು, ಜೀವ ಹೋದಂತಾಗುತ್ತದೆ. ಸರ್ಪಸುತ್ತಿನ ಗುಳ್ಳೆಗಳು ಒಣಗಿ ಮೂರು ತಿಂಗಳಾದ ಮೇಲೂ ಬಿಡದ ನೋವು ಇದಕ್ಕೆ ಒಳ್ಳೆಯ ಉದಾಹರಣೆ. ಸಕ್ಕರೆ ಕಾಯಿಲೆ ಇರುವವರ ಪಾದದ ಉರಿ, ಆಪರೇಷನ್ ಗಾಯ ಮಾಗಿದ ಮೇಲೂ ಅದರ ಸುತ್ತ ಉಳಿಯುವ ಚುಚ್ಚು ಕೂಡ ಇದೇ ಜಾತಿಗೆ ಸೇರಿದ್ದು.

ಪ್ಯಾಚ್ ಕೆಲಸ ಮಾಡುವುದು ಅಂಟಿಸಿದ ಜಾಗದಲ್ಲಿ, ಅದೂ ಚರ್ಮದ ಹತ್ತಿರದ ನರಗಳ ಮೇಲೆ. ಹಾಗಾಗಿ ನೋವಿಗೆ ಒಂದು ಗಡಿ ಇರಬೇಕು. ಅದನ್ನು ಮನೆಯಲ್ಲೇ ಗುರುತು ಹಾಕಬಹುದು. ಸ್ವಲ್ಪ ಹತ್ತಿ ತೆಗೆದುಕೊಂಡು, ನೋವಿಲ್ಲದ ಕಡೆಯಿಂದ ನೋವಿನ ಕಡೆಗೆ ಮೆಲ್ಲಗೆ ಸವರುತ್ತಾ ಬನ್ನಿ. ಎಲ್ಲಿ ಆ ಸ್ಪರ್ಶ ಕಿರಿಕಿರಿಯೋ ಉರಿಯೋ ಆಗಿ ಬದಲಾಗುತ್ತದೋ ಅಲ್ಲಿ ಪೆನ್ನಿನಿಂದ ಚುಕ್ಕೆ ಇಡಿ. ನಾಲ್ಕೂ ಕಡೆಯಿಂದ ಹೀಗೆ ಮಾಡಿದರೆ ನಿಮ್ಮ ನೋವಿನ ನಕ್ಷೆ ಸಿಗುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಅದರ ಫೋಟೊ ತೆಗೆದುಕೊಂಡು ಹೋಗಿ. ‘ಇಲ್ಲೆಲ್ಲಾ ನೋವು’ ಅನ್ನುವುದಕ್ಕಿಂತ ಅದು ಎಷ್ಟೋ ಉಪಯೋಗ.

ಬೆನ್ನುಮೂಳೆಯ ಹತ್ತಿರ ನರ ಒತ್ತಿಕೊಂಡು ಕಾಲಿಗೆ ಇಳಿಯುವ ನೋವಿದ್ದರೆ ಪ್ಯಾಚ್ ಮೇಲೆ ಜಾಸ್ತಿ ಆಸೆ ಇಡಬೇಡಿ. ತೊಂದರೆಯ ಮೂಲ ಆಳದಲ್ಲಿರುತ್ತದೆ, ಈ ಮದ್ದು ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಯಾವ ಪ್ಯಾಚ್?

ನೋಡಲು ಎಲ್ಲವೂ ಒಂದೇ ತರಹ. ಒಳಗಿನ ಮದ್ದು ಮಾತ್ರ ಬೇರೆ ಬೇರೆ. ನರನೋವಿಗೆ ಹೆಚ್ಚಾಗಿ ಬರೆದುಕೊಡುವುದು ಶೇ 5ರ ಲಿಡೊಕೇನ್ ಪ್ಯಾಚ್. ಹಲ್ಲು ಕೀಳುವ ಮುಂಚೆ ಒಸಡಿಗೆ ಚುಚ್ಚುತ್ತಾರಲ್ಲ, ಅದೇ ಗುಂಪಿನ ಮದ್ದು. ನೋವಿನ ಸುದ್ದಿ ಸಾಗಿಸಲು ನರಕ್ಕೆ ಸೋಡಿಯಂ ಒಳಗೆ ಹರಿಯುವ ಸಣ್ಣ ದಾರಿಗಳು ಬೇಕು. ಲಿಡೊಕೇನ್ ಆ ದಾರಿಗಳಿಗೆ ಅಡ್ಡ ಕೂರುತ್ತದೆ. ಸರ್ಪಸುತ್ತಿನ ನಂತರದ ನೋವಿಗೆ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 1999ರಲ್ಲಿ. ಇನ್ನೊಂದು ಶೇ 8ರ ಕ್ಯಾಪ್ಸೈಸಿನ್ ಪ್ಯಾಚ್. ಇದರ ವಿಷಯ ಆಮೇಲೆ ಹೇಳುತ್ತೇನೆ, ಯಾಕೆಂದರೆ ಅದನ್ನು ಮನೆಯಲ್ಲಿ ಹಾಕಿಕೊಳ್ಳುವಂತಿಲ್ಲ.

ಡೈಕ್ಲೊಫೆನಾಕ್ ಪ್ಯಾಚ್ ಇರುವುದು ಉಳುಕು, ಮೂಗೇಟಿನ ಊತಕ್ಕೆ. ಮೆಂತಾಲ್ ಪಟ್ಟಿ ತಣ್ಣಗೋ ಬಿಸಿಯೋ ಅನ್ನಿಸಿ ಗಮನ ತಪ್ಪಿಸುತ್ತದೆ, ಅಷ್ಟೇ. ಫೆಂಟನಿಲ್ ಪ್ಯಾಚ್ ಅಂತ ಒಂದಿದೆ, ಅದರ ವಿಷಯದಲ್ಲಿ ಮಾತ್ರ ಹುಷಾರು. ಅದು ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ಬಲವಾದ ಮದ್ದು, ರಕ್ತಕ್ಕೆ ಸೇರಿ ಇಡೀ ಮೈಗೆ ಹರಡುತ್ತದೆ. ಮನೆಯಲ್ಲಿ ಬೇರೆ ಯಾರಿಗೋ ಕೊಟ್ಟಿದ್ದು ಉಳಿದಿದೆ ಅಂತ ಅಂಟಿಸಿಕೊಂಡರೆ ಉಸಿರೇ ನಿಂತುಹೋಗಬಹುದು.

ಅಂಟಿಸುವ ಕ್ರಮ

ಇನ್ನು ಲಿಡೊಕೇನ್ ಪ್ಯಾಚ್ ಹಾಕುವ ಬಗೆ. ಜಾಗವನ್ನು ತೊಳೆದು, ಪೂರ್ತಿ ಒಣಗಿಸಿ. ಎಣ್ಣೆ, ಕ್ರೀಮು, ಪೌಡರ್ ಏನೂ ಇರಬಾರದು. ಕೂದಲಿದ್ದರೆ ಕತ್ತರಿಯಿಂದ ಕತ್ತರಿಸಿ, ಶೇವ್ ಮಾಡಬೇಡಿ. ಬ್ಲೇಡು ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ಗೀರಿನಿಂದ ಮದ್ದು ಜಾಸ್ತಿ ಒಳಗೆ ಹೋಗುತ್ತದೆ. ಇದೇ ಕಾರಣಕ್ಕೆ ಗಾಯ, ಒಡೆದ ಗುಳ್ಳೆ, ಕೆಂಪಾದ ಚರ್ಮದ ಮೇಲೆ ಹಾಕುವಂತಿಲ್ಲ. ಸರ್ಪಸುತ್ತು ಇನ್ನೂ ಹಸಿ ಇದ್ದರೆ ಪೂರ್ತಿ ಮಾಗುವವರೆಗೆ ಕಾಯಿರಿ.

ಪ್ಯಾಚ್ ಸಾಮಾನ್ಯವಾಗಿ 10 ಸೆಂ.ಮೀ. ಅಗಲ, 14 ಸೆಂ.ಮೀ. ಉದ್ದ ಇರುತ್ತದೆ. ನೋವಿನ ಜಾಗ ಚಿಕ್ಕದಾಗಿದ್ದರೆ ಕತ್ತರಿಸಿ ಹಾಕಬಹುದು. ಆದರೆ ಹಿಂದಿನ ಹಾಳೆ ಕೀಳುವ ಮೊದಲೇ ಕತ್ತರಿಸಬೇಕು. ಹಾಳೆ ಕಿತ್ತ ಮೇಲೆ ಅದು ಮೆತ್ತಗೆ ಮಡಚಿಕೊಂಡು ತನಗೆ ತಾನೇ ಅಂಟಿಕೊಳ್ಳುತ್ತದೆ, ಬಿಡಿಸುವುದು ಬಲು ಕಷ್ಟ. ಎಲ್ಲ ಪ್ಯಾಚನ್ನೂ ಹೀಗೆ ಕತ್ತರಿಸಬಹುದು ಅಂದುಕೊಳ್ಳಬೇಡಿ. ಫೆಂಟನಿಲ್ ಪ್ಯಾಚಿಗೆ ಕತ್ತರಿ ತಾಗಿಸಲೇಬಾರದು.

ಹಾಳೆಯನ್ನು ಒಂದೇ ಸಲ ಪೂರ್ತಿ ಕೀಳದೆ ಅರ್ಧ ಕಿತ್ತು, ಆ ಭಾಗವನ್ನು ನಕ್ಷೆಯ ಒಂದು ಅಂಚಿಗೆ ಕೂರಿಸಿ. ಉಳಿದ ಹಾಳೆಯನ್ನು ಎಳೆಯುತ್ತಾ ಅಂಗೈಯಿಂದ ಸವರಿಕೊಂಡು ಹೋಗಿ. ಸುಕ್ಕು ಬಿದ್ದರೆ ಅಲ್ಲಿ ಮದ್ದು ಚರ್ಮಕ್ಕೆ ತಾಗುವುದಿಲ್ಲ. ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಆಮೇಲೆ ಕೈ ತೊಳೆಯಿರಿ. ಮರೆತು ಕಣ್ಣು ಉಜ್ಜಿದರೆ ಕಣ್ಣು ಜೋಮು ಹಿಡಿದಂತಾಗುತ್ತದೆ, ಕಸ ಬಿದ್ದರೂ ಗೊತ್ತಾಗುವುದಿಲ್ಲ.

ಒಂದು ಸಲಕ್ಕೆ ಗರಿಷ್ಠ ಮೂರು. ಡಾಕ್ಟರು ಒಂದು ಅಂದಿದ್ದರೆ ಒಂದೇ.

ಅಂಟಿಸಿದ ಮೇಲೆ ಚರ್ಮ ಮರಗಟ್ಟುತ್ತದೆ ಅಂತ ಕಾಯುತ್ತಾ ಕೂರಬೇಡಿ. ನೋವು ತಗ್ಗುವಷ್ಟು ಮದ್ದು ಹೋಗುತ್ತದೆಯೇ ಹೊರತು ಸ್ಪರ್ಶವೇ ಗೊತ್ತಾಗದಷ್ಟಲ್ಲ. ಜೋಮು ಬರಲಿಲ್ಲ, ಇದು ಕೆಲಸ ಮಾಡುತ್ತಿಲ್ಲ ಅಂತ ಕಿತ್ತೆಸೆಯುವವರು ಬಹಳ.

ಹನ್ನೆರಡು ಗಂಟೆ ಹಾಕಿ, ಹನ್ನೆರಡು ಗಂಟೆ ಬಿಡಿ

ನನ್ನ ಪ್ರಕಾರ ಜನ ಎಡವುವುದು ಇಲ್ಲೇ. 24 ಗಂಟೆಯಲ್ಲಿ 12 ಗಂಟೆ ಪ್ಯಾಚ್ ಇರಬೇಕು, ಉಳಿದ 12 ಗಂಟೆ ಇರಬಾರದು. ಮೈಯಲ್ಲಿ ಮದ್ದು ಕೂಡಿಕೊಳ್ಳಬಾರದು, ಚರ್ಮಕ್ಕೂ ಬಿಡುವು ಬೇಕು. ನೋವು ಜಾಸ್ತಿ ಇದೆ ಅಂತ ಹಳೆಯದು ತೆಗೆದ ಕೂಡಲೇ ಹೊಸದು ಹಾಕುವಂತಿಲ್ಲ. ಬದಲಿಗೆ ಹೊತ್ತನ್ನು ಜಾಣತನದಿಂದ ಆರಿಸಿಕೊಳ್ಳಿ. ರಾತ್ರಿ ಹೊದಿಕೆ ಸೋಕಿ ನಿದ್ದೆ ಕೆಡುತ್ತಿದ್ದರೆ ರಾತ್ರಿ 8ಕ್ಕೆ ಹಾಕಿ ಬೆಳಗ್ಗೆ 8ಕ್ಕೆ ತೆಗೆಯಿರಿ. ಹಗಲು ಓಡಾಡುವಾಗ ಬಟ್ಟೆ ಉಜ್ಜಿ ನೋಯುತ್ತಿದ್ದರೆ ಉಲ್ಟಾ ಮಾಡಿ. ಪ್ಯಾಚಿನ ಮೇಲೆಯೇ ಹಾಕಿದ ಹೊತ್ತು ಬರೆದರೆ ಗೊಂದಲ ಇಲ್ಲ. ಪೆನ್ನಲ್ಲಿ ಬರೆಯುವುದು ಅಂಟಿಸುವ ಮುಂಚೆ, ನೋಯುವ ಜಾಗದ ಮೇಲೆ ಒತ್ತಿ ಬರೆಯುವುದು ಯಾರಿಗೆ ಬೇಕು ಹೇಳಿ!

ಸ್ನಾನ, ಈಜು ಎಲ್ಲಾ ಬಿಡುವಿನ ಹೊತ್ತಿಗೆ ಇಟ್ಟುಕೊಳ್ಳಿ. ಒದ್ದೆಯಾದರೆ ಅಂಟು ಬಿಡುತ್ತದೆ. ಪ್ಯಾಚಿನ ಮೇಲೆ ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಇಡಬೇಡಿ, ಬಿಸಿಗೆ ಮದ್ದು ಜಾಸ್ತಿ ಎಳೆದುಕೊಳ್ಳುತ್ತದೆ. ಎಂಆರ್‌ಐಗೆ ಹೋಗುವುದಿದ್ದರೆ ಪ್ಯಾಚ್ ಹಾಕಿದ್ದೀರಿ ಅಂತ ಅಲ್ಲಿನವರಿಗೆ ಮೊದಲೇ ಹೇಳಿ. ಕೆಲವು ಪ್ಯಾಚುಗಳ ಬೆನ್ನಿನಲ್ಲಿ ತೆಳುವಾದ ಲೋಹ ಇರುತ್ತದೆ, ಅದು ಕಾದು ಚರ್ಮ ಸುಡಬಹುದು.

ಜಾಗ ಉರಿದರೆ, ಕೆಂಪಾದರೆ ತೆಗೆದುಬಿಡಿ. ಅದು ಇಳಿಯುವವರೆಗೆ ಮತ್ತೆ ಹಾಕಬೇಡಿ. ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಸದ್ದು, ತಲೆಸುತ್ತು, ಎದೆಬಡಿತದ ಏರುಪೇರು ಬಂದರೆ ಮದ್ದು ಮೈಗೆ ಜಾಸ್ತಿ ಹೋಗಿದೆ ಅಂತ. ಪ್ಯಾಚ್ ಕಿತ್ತು ಕೂಡಲೇ ಆಸ್ಪತ್ರೆಗೆ ಹೋಗಿ. ಎದೆಬಡಿತದ ಏರುಪೇರಿಗೆ ಮಾತ್ರೆ ತೆಗೆದುಕೊಳ್ಳುವವರು, ಲಿವರ್ ತೊಂದರೆ ಇರುವವರು ಶುರು ಮಾಡುವ ಮುಂಚೆಯೇ ಅದನ್ನು ಡಾಕ್ಟರಿಗೆ ತಿಳಿಸಬೇಕು.

ತೆಗೆದ ಪ್ಯಾಚ್ ಖಾಲಿಯಲ್ಲ

ಒಂದು ಪ್ಯಾಚಿನಲ್ಲಿ 700 ಮಿಲಿಗ್ರಾಂ ಲಿಡೊಕೇನ್ ಇರುತ್ತದೆ. ಹೇಳಿದ ಹಾಗೆ ಬಳಸಿದರೆ 12 ಗಂಟೆಯಲ್ಲಿ ಮೈಗೆ ಸೇರುವುದು ಸುಮಾರು ಶೇ 3. ಉಳಿದದ್ದೆಲ್ಲ ಅದರಲ್ಲೇ ಇರುತ್ತದೆ. ಪುಟ್ಟ ಮಗುವೋ ನಾಯಿಯೋ ಅದನ್ನು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಕುತ್ತು. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ, ಅವರ ಕೈಗೆ, ಬಾಯಿಗೆ ಸಿಗದ ಮುಚ್ಚಳದ ಕಸದ ಡಬ್ಬಿಗೆ ಹಾಕಿ. ಮಂಚದ ಪಕ್ಕದ ಮೇಜಿನ ಮೇಲೆ ‘ಆಮೇಲೆ ಎಸೆದರಾಯ್ತು’ ಅಂತ ಬಿಡಬೇಡಿ.

ಮೆಣಸಿನಕಾಯಿಯ ಪ್ಯಾಚ್

ಮೆಣಸಿನಕಾಯಿಯ ಖಾರವೇ ಕ್ಯಾಪ್ಸೈಸಿನ್. ಸುಡುವ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು, ಅಂದರೆ ನರದ ತುದಿಯಲ್ಲಿ ಬಿಸಿಯ ಸುದ್ದಿ ಹಿಡಿಯುವ ಪ್ರೋಟೀನನ್ನು, ಖಾರವೂ ಕೆರಳಿಸುತ್ತದೆ. ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಒಂದೇ ಸಲ ತುಂಬಾ ಖಾರ ಬಿದ್ದರೆ ಆ ನರದ ತುದಿಗಳು ಸುಸ್ತಾಗಿ ಕೆಲವು ತಿಂಗಳು ಸುಮ್ಮನಾಗುತ್ತವೆ. ಚಿಕಿತ್ಸೆಯ ಗುಟ್ಟು ಅದೇ.

ಆಸ್ಪತ್ರೆಯಲ್ಲಿ ನೈಟ್ರೈಲ್ ಗ್ಲೌಸ್ ತೊಟ್ಟವರು ಇದನ್ನು ಹಾಕುತ್ತಾರೆ. ಪಾದಕ್ಕಾದರೆ 30 ನಿಮಿಷ, ಸರ್ಪಸುತ್ತಿನ ನೋವಿಗಾದರೆ 60 ನಿಮಿಷ. ಉರಿ ಚೆನ್ನಾಗಿಯೇ ಇರುತ್ತದೆ, ತಂಪು ಕೊಡುತ್ತಾರೆ, ಬಿಪಿ ನೋಡುತ್ತಿರುತ್ತಾರೆ. ಮುಖಕ್ಕೆ ಹಾಕುವುದಿಲ್ಲ. ಮನೆಗೆ ಬಂದ ಮೇಲೆ ಕೆಲವು ದಿನ ಬಿಸಿನೀರ ಸ್ನಾನ ಬೇಡ. ಮತ್ತೆ ಹಾಕಬೇಕಿದ್ದರೆ ಮೂರು ತಿಂಗಳಾದರೂ ಆಗಿರಬೇಕು.

ಫಲ ಸಿಕ್ಕಿತೇ?

ಲಿಡೊಕೇನ್ ಪ್ಯಾಚಿಗೆ ಎರಡರಿಂದ ನಾಲ್ಕು ವಾರ ಕೊಡಿ. ಪ್ರತಿದಿನ ಒಂದೇ ಹೊತ್ತಿಗೆ ನೋವಿಗೆ 0ಯಿಂದ 10ರೊಳಗೆ ಅಂಕ ಬರೆದಿಡಿ, ಪಕ್ಕದಲ್ಲಿ ನಿದ್ದೆ ಹೇಗಿತ್ತು ಅಂತಲೂ ಬರೆಯಿರಿ. ಸೊನ್ನೆಗೆ ಇಳಿಯುವುದು ಅಪರೂಪ. 8 ಇದ್ದದ್ದು 5 ಆಗಿ, ಅಂಗಿ ತೊಡಲು ಆಗುತ್ತಿದೆ ಅಂದರೆ ಅದು ಒಳ್ಳೆಯ ಫಲವೇ. ನಾಲ್ಕು ವಾರವಾದರೂ ಅಂಕ ಅಲುಗಾಡದಿದ್ದರೆ ಸುಮ್ನೆ ಮುಂದುವರಿಸಬೇಡಿ. ಆ ಅಂಕಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಪ್ರೆಗಾಬಲಿನ್, ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳಿವೆ. ಪ್ಯಾಚ್ ನಿಲ್ಲಿಸಿ ಅವನ್ನು ಶುರು ಮಾಡಬೇಕೋ, ಎರಡೂ ಜೊತೆಗಿರಬೇಕೋ ಅನ್ನುವುದನ್ನು ಅವರು ನಿರ್ಧರಿಸುತ್ತಾರೆ.