ಫೈಟು ಕಟ್ ಆಗದ ಹಳೇ ಪಿಕ್ಚರ್ ಹುಡುಕುವುದು ಹೇಗೆ?

ಬಳ್ಳಾರಿಯ ಬೆಂಗಳೂರು ರೋಡಿರಲಿ, ರಾಯಚೂರಿನ ತೀನ್ ಕಂದಿಲ್ ಸುತ್ತಮುತ್ತ ಇರಲಿ, ಒಂದು ಕಾಲಕ್ಕೆ ಕ್ಯಾಸೆಟ್, ವಿಸಿಡಿ ಇಟ್ಟವರು ಈಗ ಮೊಬೈಲ್ ಕವರ್, ಚಾರ್ಜರ್ ಮಾರುತ್ತಾರೆ. ಹಳೇ ಸರಕು ಪೂರ್ತಿ ಖಾಲಿಯಾಗಿಲ್ಲ. ಕೇಳಿದರೆ ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಸಿ, ಧೂಳು ಝಾಡಿಸಿ, ‘ಫುಲ್ ಐತ್ರೀ ಸರ, ಒಂದ್ ಕಟ್ಟೂ ಇಲ್ಲ’ ಎಂದು ಕೈಗಿಡುತ್ತಾರೆ. ಆ ಮಾತನ್ನೂ ನಂಬಬೇಡಿ, ಕವರಿನ ಮೇಲಿನ ‘ಅನ್‌ಕಟ್’ ಎಂಬ ಚೀಟಿಯನ್ನೂ ನಂಬಬೇಡಿ. ಪಿಕ್ಚರಿನ ಉದ್ದವನ್ನು ಅಳೆದು ನೋಡಿ.

ಮೊದಲು ಯಾರ ಕತ್ತರಿ ಎಂದು ತಿಳಿಯಿರಿ

ಕಟ್ ಎಂದ ಕೂಡಲೇ ಎಲ್ಲರೂ ಸೆನ್ಸಾರ್ ಮಂಡಳಿಯನ್ನು ಬೈಯುತ್ತಾರೆ. ನಿಜ ಹೇಳಬೇಕೆಂದರೆ ಕನ್ನಡ, ತೆಲುಗು ಹಳೇ ಫೈಟಿಂಗ್ ಪಿಕ್ಚರುಗಳಿಗೆ ಹೆಚ್ಚು ಏಟು ಬಿದ್ದದ್ದು ಬೇರೆ ಕಡೆ. ಮೂರು ಗಂಟೆಯ ಇ-180 ಕ್ಯಾಸೆಟ್ಟಿಗೆ ಮೂರು ಗಂಟೆ ಹತ್ತು ನಿಮಿಷದ ಪಿಕ್ಚರ್ ತುಂಬಬೇಕಾದರೆ ಒಂದು ಹಾಡೋ ಒಂದು ಫೈಟೋ ಹೋಗಲೇಬೇಕು. ವಿಸಿಡಿಯ ಒಂದು ಡಿಸ್ಕಿಗೆ ಹಿಡಿಸುವುದು 74ರಿಂದ 80 ನಿಮಿಷ. ಮೂರನೇ ಡಿಸ್ಕಿನ ಖರ್ಚು ಉಳಿಸಲು ಎರಡರಲ್ಲೇ ಮುಗಿಸಿದ ಕಂಪನಿಗಳಿದ್ದವು. ಊರೂರು ತಿರುಗಿ ಕೊನೆಗೆ ಟೂರಿಂಗ್ ಟಾಕೀಸಿಗೆ ಬಂದ ಪ್ರಿಂಟಿನಲ್ಲಿ ರೀಲಿನ ತುದಿಗಳು ಹರಿದು ಅಂಟಿಸಿಕೊಂಡಿರುತ್ತಿದ್ದವು. ಅಂಥ ಪ್ರಿಂಟಿನಿಂದಲೇ ವಿಡಿಯೊ ಮಾಡಿದ್ದೂ ಉಂಟು.

ಇನ್ನೊಂದು ಟಿವಿಯ ಕತ್ತರಿ. ‘ಎ’ ಪಿಕ್ಚರನ್ನು ಟಿವಿಯಲ್ಲಿ ಹಾಗೆಯೇ ಹಾಕುವಂತಿಲ್ಲ, ರಕ್ತ ಒರೆಸಿ, ಮಕ್ಕಳೂ ದೊಡ್ಡವರ ಜೊತೆ ನೋಡಬಹುದಾದ ‘ಯು/ಎ’ ಮಾಡಿಸಿಕೊಂಡೇ ಹಾಕಬೇಕು. ಯೂಟ್ಯೂಬಿನಲ್ಲಿ ‘ಫುಲ್ ಮೂವಿ’ ಎಂದು ಸಿಗುವುದರಲ್ಲಿ ಎಷ್ಟೋ ಈ ಟಿವಿ ಪ್ರತಿಗಳೇ.

ಮಂಡಳಿ ಬಿಡುಗಡೆಗೆ ಮುಂಚೆಯೇ ತೆಗೆಸಿದ ತುಣುಕು ಹೊರಬರುವುದು ತೀರಾ ಅಪರೂಪ. ‘ಶೋಲೆ’ ಅಂಥದ್ದು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ, ತುರ್ತು ಪರಿಸ್ಥಿತಿಯಲ್ಲಿ, 1975ರ ಆಗಸ್ಟ್ 15ರಂದು ತೆರೆಕಂಡ ಪಿಕ್ಚರು. ಠಾಕೂರ್ ಗಬ್ಬರ್‌ನನ್ನು ಕೊಲ್ಲುವ ಮೂಲ ಅಂತ್ಯವನ್ನು ಬದಲಿಸಿ, ಪೊಲೀಸರು ಬಂದು ತಡೆಯುವಂತೆ ಮಾಡಿಸಿದರು. ಮೂಲ ಅಂತ್ಯದ ಪ್ರತಿ ಡಿವಿಡಿ ಕಾಲದಲ್ಲೇ ಓಡಾಡುತ್ತಿತ್ತು. 2025ರಲ್ಲಿ ಅದೇ ಅಂತ್ಯದೊಂದಿಗೆ ಹೊಸದಾಗಿ ಸರಿಪಡಿಸಿದ ಪ್ರತಿಯನ್ನು ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ಕನ್ನಡದ ಪಿಕ್ಚರಿಗೆ ಇಷ್ಟು ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಥಿಯೇಟರಿನಲ್ಲಿ ಓಡಿದಷ್ಟು ಪೂರ್ತಿ ಸಿಕ್ಕರೆ ಅದೇ ನಮ್ಮ ಪಾಲಿನ ಅನ್‌ಕಟ್.

ಉದ್ದದ ಲೆಕ್ಕ

ಪಿಕ್ಚರ್ ಶುರುವಾಗುವ ಮುಂಚೆ ಬರುವ ಸರ್ಟಿಫಿಕೇಟನ್ನು ಯಾರೂ ನೋಡುವುದಿಲ್ಲ. ನೀವು ಅಲ್ಲೇ ಪಾಝ್ ಒತ್ತಿ ನಿಲ್ಲಿಸಿ. ‘ಎ’ ಎಂದು ಬಿಡುಗಡೆಯಾದ ಪಿಕ್ಚರಿಗೆ ‘ಯು/ಎ’ ಕಾಣಿಸಿದರೆ ಅಲ್ಲಿಗೇ ಡಿಸ್ಕ್ ವಾಪಸ್ ಕೊಡಿ. ಕೆಳಗೆ ಎಡಮೂಲೆಯಲ್ಲಿ ತ್ರಿಕೋನದ ಗುರುತಿದ್ದರೆ ಮಂಡಳಿ ಕಟ್ ಮಾಡಿಸಿದೆ ಎಂದರ್ಥ. ಆಮೇಲೆ ಉದ್ದ ನೋಡಿ. ಮೀಟರಿನಲ್ಲಿದ್ದರೆ ಅದು ಥಿಯೇಟರಿನ ಫಿಲ್ಮಿನದು, ನಿಮಿಷದಲ್ಲಿದ್ದರೆ ಸಾಮಾನ್ಯವಾಗಿ ವಿಡಿಯೊದ್ದು. ವಿಡಿಯೊಗೂ ಬೇರೆ ಸರ್ಟಿಫಿಕೇಟ್ ಬೇಕಾಗುತ್ತದೆ, ಅದಕ್ಕೇ ಈ ಗೊಂದಲ.

35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರ್ ಓಡುತ್ತದೆ. ಸರ್ಟಿಫಿಕೇಟಿನಲ್ಲಿ 4,200 ಮೀಟರ್ ಇದೆ ಎನ್ನಿ. 27.4ರಿಂದ ಭಾಗಿಸಿದರೆ 153 ನಿಮಿಷ. ರೀಲುಗಳ ಸಂಖ್ಯೆಯಿಂದ ಲೆಕ್ಕ ಹಾಕಬೇಡಿ, ಎಲ್ಲ ರೀಲೂ ತುಂಬಿರುವುದಿಲ್ಲ.

ಡಿಸ್ಕಿನಲ್ಲಿ 147 ನಿಮಿಷವೇ ಇದ್ದರೆ ಆರು ನಿಮಿಷ ಹೋಯಿತೆಂದು ಗಾಬರಿಯಾಗುವ ಮುನ್ನ ಇನ್ನೊಂದು ಲೆಕ್ಕವಿದೆ. ಥಿಯೇಟರಿನಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ನಮ್ಮ ದೇಶದ ‘ಪಾಲ್’ (PAL) ಪದ್ಧತಿಯ ವಿಡಿಯೊದಲ್ಲಿ 25. ಹಾಗಾಗಿ ನೂರು ನಿಮಿಷದ ಪಿಕ್ಚರು ಒಂದು ಚೂರೂ ಕಟ್ ಆಗದೆ 96 ನಿಮಿಷಕ್ಕೆ ಮುಗಿಯುತ್ತದೆ. 153ನ್ನು 0.96ರಿಂದ ಗುಣಿಸಿ, 147 ಬರುತ್ತದೆ. ಆ ಡಿಸ್ಕ್ ಪೂರ್ತಿ ಇದೆ. 139 ಇದ್ದರೆ ಎಂಟು ನಿಮಿಷ ಮಾಯ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಡಿಸ್ಕಿಗೂ ಬ್ಲೂ-ರೇಗೂ ಸಾಮಾನ್ಯವಾಗಿ ಈ ಗುಣಾಕಾರ ಬೇಡ. ಮುಂದೆ ಸೇರಿಸಿದ ಕಂಪನಿಯ ಜಾಹೀರಾತನ್ನು ಕಳೆಯುವುದು ಮರೆಯಬೇಡಿ.

ಕಣ್ಣು, ಕಿವಿ

ಉದ್ದ ಕಮ್ಮಿ ಬಂದರೆ ಎಲ್ಲಿ ಹೋಯಿತು ಎಂದು ಹುಡುಕಬೇಕು. ಫೈಟಿನ ಮ್ಯೂಸಿಕ್ಕಿಗೆ ಕಿವಿಗೊಡಿ; ತಾಳ ತಪ್ಪಿದ ಕಡೆ ಕತ್ತರಿ ಆಡಿದೆ. ಪ್ರಿಂಟಿನಲ್ಲಿ ಚಿತ್ರ ಮತ್ತು ಅದರ ಧ್ವನಿ ಅಕ್ಕಪಕ್ಕ ಇರುವುದಿಲ್ಲ, ಸುಮಾರು 20 ಚೌಕಟ್ಟುಗಳ ಅಂತರವಿರುತ್ತದೆ. ಹರಿದ ಪ್ರಿಂಟನ್ನು ಅಂಟಿಸಿದ್ದರೆ ಮೊದಲು ಚಿತ್ರ ಎಗರುತ್ತದೆ, ಮುಕ್ಕಾಲು ಸೆಕೆಂಡಿನ ಮೇಲೆ ಧ್ವನಿ ಎಗರುತ್ತದೆ. ಎರಡೂ ಒಟ್ಟಿಗೇ ಎಗರಿದರೆ ನೆಗೆಟಿವಿನಲ್ಲೋ ವಿಡಿಯೊ ಮಾಡುವಾಗಲೋ ಬೇಕೆಂದೇ ತೆಗೆದದ್ದು. ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ದುಂಡನೆ ಚುಕ್ಕೆ ಮಿಂಚಿ ಹೋಯಿತೋ, ರೀಲು ಮುಗಿಯುತ್ತಿದೆ. ಅಲ್ಲಿ ಒಂದೆರಡು ಸೆಕೆಂಡು ಹೋಗಿದ್ದರೆ ಬೇಸರ ಬೇಡ.

ಅಗಲವನ್ನೂ ನೋಡಿ. ಸಿನಿಮಾಸ್ಕೋಪ್ ಪಿಕ್ಚರನ್ನು ಹಳೇ ಟಿವಿಯ ಚೌಕಕ್ಕೆ ಕೂರಿಸಿದ್ದರೆ ಹೀರೊ ಗುದ್ದುವುದು ಕಾಣುತ್ತದೆ, ತಿಂದವನು ಪರದೆಯ ಆಚೆ. ನಿಮಿಷದ ಲೆಕ್ಕ ಸರಿ ಬಂದರೂ ಇದನ್ನು ಪೂರ್ತಿ ಎನ್ನಲು ನನಗೆ ಮನಸ್ಸಿಲ್ಲ.

ಎಲ್ಲಿ ಕೇಳಬೇಕು

ಅಂಗಡಿಗಿಂತ ಹಳೇ ಕೇಬಲ್ ಆಪರೇಟರ್‌ಗಳನ್ನು ಹಿಡಿಯಿರಿ. ಊರಿನ ಕೇಬಲ್ಲಿನಲ್ಲಿ ದಿನಕ್ಕೊಂದು ಪಿಕ್ಚರ್ ಹಾಕುತ್ತಿದ್ದವರ ಮನೆಯಲ್ಲಿ ಡಿಸ್ಕಿನ ಚೀಲಗಳು ಇನ್ನೂ ಇರುತ್ತವೆ. ಗಣಪತಿ ಹಬ್ಬಕ್ಕೆ ವಿಸಿಆರ್ ಬಾಡಿಗೆ ಕೊಡುತ್ತಿದ್ದವರು, ವಿಡಿಯೊ ಲೈಬ್ರರಿ ಇಟ್ಟಿದ್ದವರು ಎರಡನೇ ಸಾಲು. ಆಮೇಲೆ ಗುಜರಿ ಅಂಗಡಿ. ರಾಯಚೂರಿನವರಿಗೆ ಹೈದರಾಬಾದ್ ದೂರವಲ್ಲ. ಅಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಸಂತೆಯನ್ನು ಒಮ್ಮೆ ನೋಡಿ ಬನ್ನಿ.

ನಮ್ಮ ಕಡೆಯ ಒಣಹವೆ ಕ್ಯಾಸೆಟ್ಟಿಗೆ ಒಳ್ಳೆಯದು, ಕರಾವಳಿಯಷ್ಟು ಬೂಷ್ಟು ಹಿಡಿಯುವುದಿಲ್ಲ. ಆದರೆ ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆದ ಕ್ಯಾಸೆಟ್ ಸೊಟ್ಟಗಾಗಿರುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚು ನೋಡಿ. ಬಿಳಿ ಪುಡಿ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಡಿಸ್ಕಿನ ಹಿಂಬದಿ ನೇರಳೆ ಛಾಯೆ ಇದ್ದರೆ ಅದು ಯಾರೋ ಕಾಪಿ ಮಾಡಿದ್ದು, ಕಂಪನಿಯಲ್ಲಿ ಅಚ್ಚಾದದ್ದು ಬೆಳ್ಳಿಯಂತಿರುತ್ತದೆ. ವಿಸಿಡಿಯಲ್ಲಿ ಹೆಸರು ಅಚ್ಚಾದ ಬದಿಯ ಗೀರೇ ಹೆಚ್ಚು ಅಪಾಯ. ಮಾಹಿತಿ ಅದರ ಕೆಳಗೇ ಇರುತ್ತದೆ. ಮೂರು ಪಿಕ್ಚರನ್ನು ಒಂದೇ ಡಿಸ್ಕಿಗೆ ತುರುಕಿದ ‘ತ್ರೀ ಇನ್ ಒನ್’ ಡಿವಿಡಿಗೆ ದುಡ್ಡು ಹಾಕಬೇಡಿ.

ಪರದೇಶದ ಡಿಸ್ಕು

ಕರಾಟೆ, ಕುಂಗ್‌ಫು ಪಿಕ್ಚರುಗಳಿಗೆ ಪ್ರತಿ ದೇಶದ್ದೂ ಒಂದೊಂದು ಕತ್ತರಿ. 1973ರ ‘ಎಂಟರ್ ದಿ ಡ್ರ್ಯಾಗನ್’ನಲ್ಲಿ ಬ್ರೂಸ್ ಲೀ ನಂಚಾಕು (ಸರಪಳಿಯ ಜೋಡಿ ಕೋಲು) ತಿರುಗಿಸುವುದನ್ನು ಬ್ರಿಟನ್ನಿನಲ್ಲಿ ತೆಗೆದಿದ್ದರು, ಅದು ಅಲ್ಲಿ ವಾಪಸ್ ಬಂದದ್ದು 2001ರಲ್ಲಿ. ಅದಕ್ಕೂ ಹಳೆಯ ಬ್ರಿಟಿಷ್ ಕ್ಯಾಸೆಟ್ ಕೊಳ್ಳಬೇಡಿ. ಅದೇ ಪಿಕ್ಚರಿನ ಉದ್ದದ ಆವೃತ್ತಿಯಲ್ಲಿ ಹೆಚ್ಚಿಗೆ ಇರುವುದು ಫೈಟಲ್ಲ, ಗುರುವಿನ ಜೊತೆಗಿನ ಮಾತು. ಬ್ರಿಟನ್ನಿನ ಸೆನ್ಸಾರ್ ಮಂಡಳಿಯಾದ ಬಿಬಿಎಫ್‌ಸಿಯ ಜಾಲತಾಣದಲ್ಲಿ ಪಿಕ್ಚರಿನ ಹೆಸರು ಹಾಕಿದರೆ ಉದ್ದ, ಕಟ್‌ಗಳ ವಿವರ ಪುಕ್ಕಟೆ ಸಿಗುತ್ತದೆ.

ಡಿಸ್ಕಿಗೆ ವಲಯದ ಬೀಗ ಇದ್ದರೆ ಅದೇ ವಲಯದ ಪ್ಲೇಯರಿನಲ್ಲಿ ಮಾತ್ರ ಓಡುತ್ತದೆ. ಡಿವಿಡಿಯಲ್ಲಿ ನಮ್ಮದು 5ನೇ ವಲಯ, ಅಮೆರಿಕ 1, ಬ್ರಿಟನ್ 2, ಹಾಂಗ್‌ಕಾಂಗ್ 3. ಬ್ಲೂ-ರೇಯಲ್ಲಿ ನಾವು ‘ಸಿ’, ಹಾಂಗ್‌ಕಾಂಗ್ ಮತ್ತು ಅಮೆರಿಕ ‘ಎ’. 4ಕೆ ಡಿಸ್ಕಿಗೆ ವಲಯದ ಬೀಗವೇ ಇಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವಿನ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು, ಆಮೇಲೆ ಕೊನೆಯ ವಲಯಕ್ಕೇ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಎಲ್ಲ ವಲಯ ಓಡಿಸುವ ಹಳೇ ಅಗ್ಗದ ಪ್ಲೇಯರ್ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ರಿಮೋಟನ್ನೂ ಹುಡುಕಿ ಇಟ್ಟುಕೊಳ್ಳಿ.