ಐಸಿಯು ದಾಖಲೆಗಳಿಂದ ಕಿಡ್ನಿ ತೊಂದರೆಯ ಮುನ್ಸೂಚನೆ: ಮಾದರಿ ಕಟ್ಟಿದ ನನ್ನ ಅನುಭವ

ಐಸಿಯುನಲ್ಲಿರುವ ರೋಗಿಯ ಕಿಡ್ನಿ ಮುಂದಿನ 48 ಗಂಟೆಗಳಲ್ಲಿ ಹಠಾತ್ತನೆ ಕೈಕೊಡುವ ಸಾಧ್ಯತೆ ಎಷ್ಟು? ನಾನು ಕಟ್ಟಿದ ಮಾದರಿ, ಅಂದರೆ ಹಳೆಯ ದಾಖಲೆಗಳಿಂದ ಕಲಿತು ಮುನ್ಸೂಚನೆ ಹೇಳುವ ಕಂಪ್ಯೂಟರ್ ಪ್ರೋಗ್ರಾಂ, ಉತ್ತರಿಸಬೇಕಿದ್ದದ್ದು ಇದಿಷ್ಟೇ. ಆದರೆ ಕೆಲಸದ ಬಹುಪಾಲನ್ನು ತಿಂದದ್ದು ಬೇರೊಂದು ಪ್ರಶ್ನೆ: ಮಾದರಿಗೆ ಕೊಡುವ ಈ ಅಂಕಿ ಮುನ್ಸೂಚನೆಯ ಗಳಿಗೆಯಲ್ಲಿ ಹಾಸಿಗೆಯ ಪಕ್ಕ ನಿಂತ ವೈದ್ಯರ ಕೈಯಲ್ಲಿ ಇತ್ತೇ, ಇಲ್ಲವೇ?

ಬಳಸಿದ ದತ್ತಾಂಶ ಮಿಮಿಕ್-4, ಆವೃತ್ತಿ 2.2. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಮೆಡಿಕಲ್ ಸೆಂಟರ್‌ನ ಗುರುತು ಅಳಿಸಿದ ದಾಖಲೆಗಳಿವು; 73,181 ಐಸಿಯು ವಾಸಗಳ ವಿವರ ಇದರಲ್ಲಿದೆ. ವೈದ್ಯಕೀಯ ದತ್ತಾಂಶ ಹಂಚುವ ಫಿಸಿಯೋನೆಟ್ ಜಾಲತಾಣದಲ್ಲಿ ಸಂಶೋಧನಾ ನೀತಿಯ ತರಬೇತಿ ಮುಗಿಸಿ, ಬಳಕೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಸಿಗುತ್ತದೆ. ದತ್ತಾಂಶವನ್ನು ಮೂರನೆಯವರಿಗೆ ಕೊಡುವಂತಿಲ್ಲ ಎಂಬ ಷರತ್ತಿದೆ. ಕೋಡ್ ಎಡವಿದಾಗ ನಾಲ್ಕು ಸಾಲನ್ನು ಆನ್‌ಲೈನ್ ಚಾಟ್‌ಬಾಟ್‌ಗೆ ಅಂಟಿಸಿ ಕೇಳುವುದೂ ಇದರಡಿ ಬರುತ್ತದೆ ಎಂಬುದನ್ನು ಹೊಸಬರು ಮರೆಯಬಾರದು.

ಹಾಸಿಗೆಯ ಪಕ್ಕದ ಮಾಪನಗಳಿರುವ ಚಾರ್ಟ್‌ಈವೆಂಟ್ಸ್ ಕೋಷ್ಟಕವೊಂದರಲ್ಲೇ 31 ಕೋಟಿಗೂ ಹೆಚ್ಚು ಸಾಲುಗಳಿವೆ. ಅದನ್ನು ನೇರವಾಗಿ ಪಾಂಡಾಸ್‌ಗೆ (ಪೈಥಾನ್‌ನ ದತ್ತಾಂಶ ಸಾಧನ) ಸುರಿದರೆ ಸಾಮಾನ್ಯ ಕಂಪ್ಯೂಟರಿನ ಮೆಮೊರಿ ಸಾಲದು. ಸಿಎಸ್‌ವಿ ಕಡತಗಳನ್ನು ಒಮ್ಮೆ ಪಾರ್ಕೆ ಎಂಬ ಅಡಕ ರೂಪಕ್ಕೆ ಬದಲಿಸಿ, ಡಕ್‌ಡಿಬಿ ಎಂಬ ಡೇಟಾಬೇಸ್ ಸಾಧನದಲ್ಲಿ ಬೇಕಾದ ಐಟಂ ಸಂಖ್ಯೆಗಳನ್ನಷ್ಟೇ (ಪ್ರತಿ ಮಾಪನಕ್ಕೂ ಕೊಟ್ಟ ಗುರುತಿನ ಸಂಖ್ಯೆ) ಸೋಸಿಕೊಂಡೆ: ಕಿಡ್ನಿ ಕುಗ್ಗಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್‌ಗೆ 50912, ಲ್ಯಾಕ್ಟೇಟ್‌ಗೆ 50813, ಹೃದಯ ಬಡಿತಕ್ಕೆ 220045, ಹೀಗೆ. ಉಳಿದ ಕೆಲಸಕ್ಕೆ ಲ್ಯಾಪ್‌ಟಾಪೇ ಸಾಕು.

ನಿಜವಾದ ಕಷ್ಟ ಶುರುವಾಗುವುದು ಲೇಬಲ್‌ನಲ್ಲಿ, ಅಂದರೆ ಯಾರಿಗೆ ನಿಜಕ್ಕೂ ತೊಂದರೆ ಆಯಿತು ಎಂದು ಗುರುತಿಸುವುದರಲ್ಲಿ. ಕಿಡ್ನಿ ಕಾಯಿಲೆಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆ ಕೆಡಿಗೋದ 2012ರ ಮಾನದಂಡ ಓದಲು ಸರಳ: ಕ್ರಿಯಾಟಿನಿನ್ 48 ಗಂಟೆಯೊಳಗೆ 0.3 ಮಿ.ಗ್ರಾಂ/ಡೆ.ಲೀ. ಏರಬೇಕು, ಅಥವಾ 7 ದಿನದೊಳಗೆ ಮೂಲಮಟ್ಟದ 1.5 ಪಟ್ಟಾಗಬೇಕು, ಅಥವಾ ಮೂತ್ರ 6 ಗಂಟೆ ಕಾಲ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 0.5 ಮಿ.ಲೀ.ಗಿಂತ ಕಡಿಮೆಯಿರಬೇಕು. ಬೇರೆ ಆಸ್ಪತ್ರೆಯ ದತ್ತಾಂಶ ಮೈಕ್ರೋಮೋಲ್‌ನಲ್ಲಿದ್ದರೆ 88.4ರಿಂದ ಭಾಗಿಸಿ ಮಿ.ಗ್ರಾಂಗೆ ತನ್ನಿ. ಇಷ್ಟರವರೆಗೆ ಸುಲಭ. ಆದರೆ ‘ಮೂಲಮಟ್ಟ’ ಎಂದರೆ ಯಾವುದು?

ದಾಖಲಾದ ದಿನದ ಮೊದಲ ಕ್ರಿಯಾಟಿನಿನ್ ತೆಗೆದುಕೊಂಡರೆ, ಮನೆಯಲ್ಲೇ ಕಿಡ್ನಿ ಹದಗೆಟ್ಟು ಬಂದವರು ಆರೋಗ್ಯವಂತರಂತೆ ಕಾಣುತ್ತಾರೆ. ಹಳೆಯ ಮಾಪನ ಇಲ್ಲದವರ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಅಂದಾಜು ವೇಗ) 75 ಎಂದಿಟ್ಟುಕೊಂಡು ಹಿಮ್ಮುಖವಾಗಿ ಲೆಕ್ಕ ಹಾಕುವ ರೂಢಿಯೂ ಇದೆ. ಆಗ ವರ್ಷಗಳಿಂದ ಕಿಡ್ನಿ ಕಾಯಿಲೆ ಇರುವವರೆಲ್ಲ ಹೊಸದಾಗಿ ಪೆಟ್ಟು ತಿಂದವರ ಪಟ್ಟಿಗೆ ಸೇರುತ್ತಾರೆ. ನಾನು ದಾಖಲಾತಿಗೆ 7ರಿಂದ 365 ದಿನ ಮುಂಚಿನ ಮಾಪನಗಳ ಮಧ್ಯಾಂಕ ಹಿಡಿದೆ. ಅದಿಲ್ಲದಿದ್ದರೆ, ಮುನ್ಸೂಚನೆಯ ಗಳಿಗೆಗೆ ಮುಂಚಿನ 7 ದಿನಗಳ ಕನಿಷ್ಠ ಮೌಲ್ಯ. ಇಲ್ಲೊಂದು ಗುಂಡಿ ಇದೆ. ಲ್ಯಾಬ್ ಪರೀಕ್ಷೆಗಳ ಕೋಷ್ಟಕ ಲ್ಯಾಬ್‌ಈವೆಂಟ್ಸ್‌ನ ಅನೇಕ ಸಾಲುಗಳಲ್ಲಿ ದಾಖಲಾತಿ ಸಂಖ್ಯೆ ಖಾಲಿ. ಅವುಗಳಲ್ಲಿ ಹೊರರೋಗಿ ಪರೀಕ್ಷೆಗಳೂ ಸೇರಿವೆ. ದಾಖಲಾತಿ ಸಂಖ್ಯೆಯ ಮೇಲೆ ಕೋಷ್ಟಕಗಳನ್ನು ಜಾಯಿನ್ ಮಾಡಿದರೆ (ಜೋಡಿಸಿದರೆ) ನಮಗೆ ಬೇಕಾದ ಹಳೆಯ ಕ್ರಿಯಾಟಿನಿನ್‌ಗಳೇ ಸದ್ದಿಲ್ಲದೆ ಉದುರಿಹೋಗುತ್ತವೆ. ರೋಗಿಯ ಸಂಖ್ಯೆಯ ಮೇಲೆ ಜಾಯಿನ್ ಮಾಡಿ, ದಿನಾಂಕದಿಂದ ಸೋಸಬೇಕು.

ಮೂತ್ರದ ಲೆಕ್ಕ ಇನ್ನೂ ಸೂಕ್ಷ್ಮ. 70 ಕಿಲೋ ತೂಕದವರಿಗೆ 6 ಗಂಟೆಯಲ್ಲಿ 210 ಮಿ.ಲೀ. ಗಡಿ. ಫೋಲಿ ಕ್ಯಾತಿಟರ್‌ನಿಂದ (ಮೂತ್ರಕೋಶಕ್ಕೆ ಹಾಕುವ ನಳಿಕೆ) ಬಂದ ಮೂತ್ರದ ಪ್ರಮಾಣ 226559 ಎಂಬ ಐಟಂ ಸಂಖ್ಯೆಯಲ್ಲಿದೆ. ಮೂತ್ರಕೋಶ ತೊಳೆಯಲು ಒಳಬಿಟ್ಟ ದ್ರವ 227488ರಲ್ಲಿ, ಹೊರಬಂದದ್ದು 227489ರಲ್ಲಿ ಬರುತ್ತದೆ. ಒಳಬಿಟ್ಟದ್ದನ್ನು ಕಳೆಯದಿದ್ದರೆ ಮೂತ್ರವೇ ಬಾರದ ರೋಗಿಗೂ ಲೀಟರ್‌ಗಟ್ಟಲೆ ಬಂದಂತೆ ಕಾಣುತ್ತದೆ. ಕ್ಯಾತಿಟರ್ ತೆಗೆದ ಮೇಲೆ ದಾಖಲೆ ನಿಂತುಹೋಗುತ್ತದೆ, ಅದನ್ನು ಸೊನ್ನೆ ಎಂದು ಓದಬಾರದು. ಈ ಕಾರಣಕ್ಕೇ ಕ್ರಿಯಾಟಿನಿನ್ ಮಾತ್ರದ ಲೇಬಲ್, ಮೂತ್ರವೂ ಸೇರಿದ ಲೇಬಲ್ ಎರಡನ್ನೂ ಕಟ್ಟಿ, ಎರಡರ ಫಲಿತಾಂಶವನ್ನೂ ಬೇರೆಬೇರೆಯಾಗಿ ಬರೆದಿಟ್ಟೆ.

48 ಗಂಟೆಯಲ್ಲಿ ಕ್ರಿಯಾಟಿನಿನ್ ಪರೀಕ್ಷೆಯೇ ಆಗದವರನ್ನು ‘ತೊಂದರೆ ಇಲ್ಲ’ ಗುಂಪಿಗೆ ಹಾಕಲಿಲ್ಲ. ಅವರ ಲೇಬಲ್ ಗೊತ್ತಿಲ್ಲ, ಅಷ್ಟೇ. ಆಗಲೇ ಕಿಡ್ನಿ ಪೆಟ್ಟು ತಿಂದವರನ್ನು, ಡಯಾಲಿಸಿಸ್‌ನಲ್ಲಿರುವವರನ್ನು ಹೊರಗಿಟ್ಟೆ. ಡಯಾಲಿಸಿಸ್ ಅವಲಂಬನೆಯನ್ನು ಎನ್18.6ರಂಥ ಐಸಿಡಿ ಕೋಡಿನಿಂದ (ಕಾಯಿಲೆಗಳ ಅಂತರರಾಷ್ಟ್ರೀಯ ಸಂಕೇತ) ಗುರುತಿಸುವಾಗ ಹಿಂದಿನ ದಾಖಲಾತಿಗಳ ಕೋಡುಗಳನ್ನೇ ನೋಡಬೇಕು. ಈ ಸಲದ ಕೋಡುಗಳನ್ನು ಬರೆಯುವುದು ರೋಗಿ ಬಿಡುಗಡೆಯಾದ ಮೇಲೆ.

ಈಗ ಆರಂಭದಲ್ಲಿ ಹೇಳಿದ ಆ ಪ್ರಶ್ನೆಗೆ: ಅಂಕಿ ಆ ಗಳಿಗೆಯಲ್ಲಿ ವೈದ್ಯರ ಕೈಯಲ್ಲಿ ಇತ್ತೇ? ಪ್ರತಿ ಲ್ಯಾಬ್ ಸಾಲಿಗೂ ಎರಡು ಸಮಯಗಳಿವೆ. ಚಾರ್ಟ್‌ಟೈಮ್ ಎಂದರೆ ಪರೀಕ್ಷೆಗೆ ರಕ್ತ ತೆಗೆದ ಹೊತ್ತು. ಸ್ಟೋರ್‌ಟೈಮ್ ಎಂದರೆ ಫಲಿತಾಂಶ ಕೈಗೆ ಸಿಕ್ಕ ಹೊತ್ತು. ಬೆಳಿಗ್ಗೆ 6ಕ್ಕೆ ಮುನ್ಸೂಚನೆ ಹೇಳಬೇಕಾದ ಮಾದರಿಗೆ, 5.40ಕ್ಕೆ ರಕ್ತ ತೆಗೆದು 7ಕ್ಕೆ ಬಂದ ಫಲಿತಾಂಶ ಕೊಟ್ಟರೆ ಅದು ಭವಿಷ್ಯವನ್ನು ಕದ್ದು ನೋಡಿದಂತೆ. ಹಾಗಾಗಿ ಇನ್‌ಪುಟ್‌ಗೆ ಸ್ಟೋರ್‌ಟೈಮ್, ಲೇಬಲ್‌ಗೆ ಚಾರ್ಟ್‌ಟೈಮ್. ಪ್ರತಿ 12 ಗಂಟೆಗೊಂದು ಮುನ್ಸೂಚನೆಯ ಗಳಿಗೆ ಇಟ್ಟು, ಡಕ್‌ಡಿಬಿಯ ಆಸ್-ಆಫ್ ಜಾಯಿನ್‌ನಿಂದ ಆ ಗಳಿಗೆಗೆ ಮುಂಚಿನ ಕೊನೆಯ ಮೌಲ್ಯವನ್ನು ಎತ್ತಿಕೊಂಡೆ.

ಹೀಗೆ ಭವಿಷ್ಯದ ಮಾಹಿತಿ ಒಳಬರುವ ಸೋರಿಕೆ ಹಿಡಿಯಲು ನಾನು ನೆಚ್ಚಿಕೊಳ್ಳುವ ಪರೀಕ್ಷೆ ಒಂದಿದೆ. ಕೆಲವು ನೂರು ರೋಗಿಗಳನ್ನು ಆರಿಸಿ, ಮುನ್ಸೂಚನೆಯ ಗಳಿಗೆಯ ನಂತರ ಸಿಕ್ಕ ಎಲ್ಲ ಸಾಲುಗಳನ್ನೂ ಅಳಿಸಿ, ಇನ್‌ಪುಟ್‌ಗಳನ್ನು ಮತ್ತೆ ಲೆಕ್ಕ ಹಾಕುವುದು. ಮೊದಲ ಸಲದ ಅಂಕಿಗೂ ಇದಕ್ಕೂ ಒಂದೇ ಒಂದು ಕೋಶದಲ್ಲಿ ವ್ಯತ್ಯಾಸ ಬಂದರೂ ಎಲ್ಲೋ ಭವಿಷ್ಯ ಒಳನುಗ್ಗಿದೆ ಎಂದರ್ಥ. ಇಡೀ ವಾಸದ ಸರಾಸರಿಯಿಂದ ಖಾಲಿ ಜಾಗ ತುಂಬಿದ್ದು, ‘ಒಟ್ಟು ಐಸಿಯು ದಿನಗಳು’ ಎಂಬ ಕಾಲಂ ಉಳಿದುಕೊಂಡದ್ದು, ಇಂಥವು ಇಲ್ಲೇ ಸಿಕ್ಕಿಬೀಳುತ್ತವೆ. ಎಯುಆರ್‌ಒಸಿ (ತೊಂದರೆ ಆಗುವವರನ್ನು ಆಗದವರಿಂದ ಬೇರ್ಪಡಿಸುವ ಶಕ್ತಿಯ ಅಳತೆ, 1 ಎಂದರೆ ಪರಿಪೂರ್ಣ) 0.97 ಬಂದರೆ ಸಂಭ್ರಮಿಸುವ ಮುನ್ನ ಈ ಪರೀಕ್ಷೆ ಓಡಿಸಿ.

ಈ ಪರೀಕ್ಷೆಗೂ ಸಿಗದ ಸೋರಿಕೆ ಇನ್ನೊಂದಿದೆ. ಕಿಡ್ನಿ ತಜ್ಞರ ಸಲಹೆ ಕೇಳಿದ್ದು, ಔಷಧದ ಪ್ರಮಾಣ ತಗ್ಗಿಸಿದ್ದು, ಕ್ರಿಯಾಟಿನಿನ್ ಪರೀಕ್ಷೆಯನ್ನು ದಿನಕ್ಕೆ ನಾಲ್ಕು ಸಲ ಬರೆದದ್ದು ಎಲ್ಲವೂ ಸಮಯದ ಲೆಕ್ಕದಲ್ಲಿ ಸರಿಯೇ. ಆದರೆ ಅವು ಹೇಳುವುದು ವೈದ್ಯರಿಗೆ ಆಗಲೇ ಅನುಮಾನ ಬಂದಿದೆ ಎಂಬುದನ್ನು. ವೈದ್ಯರ ಅನುಮಾನವನ್ನೇ ವೈದ್ಯರಿಗೆ ತಿರುಗಿಸಿ ಒಪ್ಪಿಸುವ ಮಾದರಿಯಿಂದ ರೋಗಿಗೆ ಏನೂ ಸಿಗದು. ಮೇಲಾಗಿ ಇಂಥ ಅಭ್ಯಾಸಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತವೆ. ಪರೀಕ್ಷೆಗಳ ಎಣಿಕೆಯನ್ನೆಲ್ಲ ತೆಗೆದುಹಾಕಿದೆ. ಲ್ಯಾಕ್ಟೇಟ್ ಮಾಡಿಲ್ಲ ಎಂಬ ಗುರುತನ್ನು ಮಾತ್ರ ಉಳಿಸಿಕೊಂಡೆ, ಏಕೆಂದರೆ ಮಾಡದ ಪರೀಕ್ಷೆಗೆ ಮೌಲ್ಯ ಊಹಿಸಿ ತುಂಬುವುದು ಅದಕ್ಕಿಂತ ಕೆಟ್ಟದ್ದು.

ವಿಭಜನೆ ಸದಾ ರೋಗಿಯ ಮಟ್ಟದಲ್ಲಿ. ಒಬ್ಬರದೇ ಎರಡು ವಾಸಗಳು ತರಬೇತಿ, ಪರೀಕ್ಷೆ ಎರಡೂ ಕಡೆ ಬೀಳಬಾರದು. ಮಿಮಿಕ್‌ನಲ್ಲಿ ಪ್ರತಿ ರೋಗಿಯ ದಿನಾಂಕಗಳನ್ನೂ ಪ್ರತ್ಯೇಕವಾಗಿ ಮುಂದಿನ ಶತಮಾನಕ್ಕೆ ತಳ್ಳಿರುವುದರಿಂದ ದಿನಾಂಕದ ಮೇಲೆ ವಿಂಗಡಿಸಿದರೆ ಅರ್ಥವಿಲ್ಲ. ರೋಗಿಯ ನಿಜವಾದ ವರ್ಷವನ್ನು ಅಂದಾಜಾಗಿ ಹೇಳುವ ‘ಆಂಕರ್ ವರ್ಷದ ಗುಂಪು’ ಬಳಸಬೇಕು: 2008–2013 ತರಬೇತಿಗೆ, 2014–2016 ಹೊಂದಾಣಿಕೆಗೆ, 2017–2019 ಪರೀಕ್ಷೆಗೆ. ಹಳೆಯ ಗುಂಪಿನ ರೋಗಿ ವರ್ಷಗಳ ನಂತರ ಮತ್ತೆ ದಾಖಲಾಗಿದ್ದರೆ ಆ ದಾಖಲಾತಿ ಗಡಿ ದಾಟುತ್ತದೆ, ಅಂಥವನ್ನು ಬಿಟ್ಟೆ.

ಮಾದರಿಯ ಬಗ್ಗೆ ಹೇಳುವುದು ಕಡಿಮೆ. ಮೊದಲು ಲಾಜಿಸ್ಟಿಕ್ ರಿಗ್ರೆಶನ್ ಎಂಬ ಸರಳ ಸಂಖ್ಯಾಶಾಸ್ತ್ರೀಯ ವಿಧಾನ, ಆಮೇಲೆ ಅನೇಕ ನಿರ್ಧಾರ ವೃಕ್ಷಗಳನ್ನು ಸೇರಿಸುವ ಲೈಟ್‌ಜಿಬಿಎಂ: ಕಲಿಕೆಯ ದರ 0.03, ಎಲೆಗಳು 31, ಒಂದು ಎಲೆಗೆ ಕನಿಷ್ಠ 200 ಸಾಲು. ಒಬ್ಬ ರೋಗಿಗೆ ಅನೇಕ ಸಾಲುಗಳಿರುವುದರಿಂದ ಬೂಟ್‌ಸ್ಟ್ರಾಪ್ ಮಾಡುವಾಗ (ದತ್ತಾಂಶದಿಂದ ಮತ್ತೆ ಮತ್ತೆ ಯಾದೃಚ್ಛಿಕವಾಗಿ ಎತ್ತಿ ಫಲಿತಾಂಶದ ಏರಿಳಿತ ಅಳೆಯುವಾಗ) ಸಾಲುಗಳನ್ನಲ್ಲ, ರೋಗಿಗಳನ್ನು ಎತ್ತಬೇಕು. ಇಲ್ಲದಿದ್ದರೆ ವಿಶ್ವಾಸಾಂತರ (ಅಂದಾಜು ಇರಬಹುದಾದ ವ್ಯಾಪ್ತಿ) ಸುಳ್ಳಾಗಿ ಕಿರಿದಾಗುತ್ತದೆ. ಸ್ಮೋಟ್‌ನಿಂದ ಕೃತಕ ರೋಗಿಗಳನ್ನು ಹುಟ್ಟಿಸಿ ಸಮತೋಲನ ಮಾಡುವುದು ಬೇಡ. ಅದರಿಂದ ಎಲ್ಲ ಸಂಭವನೀಯತೆಗಳೂ ಉಬ್ಬುತ್ತವೆ. ಮಾದರಿ 40% ಎಂದಾಗ ನೂರರಲ್ಲಿ ಸುಮಾರು 40 ಜನರಿಗೆ ತೊಂದರೆ ಆಗಬೇಕು, ಆಗಲೇ ಆ ಅಂಕಿಯನ್ನು ನಂಬಬಹುದು.

ಎಚ್ಚರಿಕೆಯ ಹೊರೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿ. ಸಂವೇದನೆ (ತೊಂದರೆ ಆಗುವವರನ್ನು ಹಿಡಿಯುವ ಪ್ರಮಾಣ) 80%, ನಿರ್ದಿಷ್ಟತೆ (ಆಗದವರನ್ನು ಸರಿಯಾಗಿ ಬಿಡುವ ಪ್ರಮಾಣ) 90% ಇದ್ದು, ನೂರರಲ್ಲಿ 10 ಜನರಿಗೆ ತೊಂದರೆ ಬರುವ ವಾರ್ಡಿನಲ್ಲಿ ಬಂದ ಎಚ್ಚರಿಕೆಗಳಲ್ಲಿ 47% ನಿಜ. ತೊಂದರೆ ನೂರರಲ್ಲಿ 2 ಜನರಿಗಷ್ಟೇ ಬರುವ ವಾರ್ಡಿಗೆ ಅದೇ ಮಾದರಿ ಒಯ್ದರೆ ನಿಜವಾಗುವುದು 14% ಮಾತ್ರ. 2019ರಲ್ಲಿ ಎಐ ಸಂಸ್ಥೆ ಡೀಪ್‌ಮೈಂಡ್‌ನ ತಂಡ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ, 7,03,782 ರೋಗಿಗಳ ದಾಖಲೆ ಬಳಸಿದ ಕಿಡ್ನಿ ಮಾದರಿಯೂ ಒಂದು ನಿಜ ಎಚ್ಚರಿಕೆಗೆ ಎರಡು ಸುಳ್ಳು ಎಚ್ಚರಿಕೆ ಕೊಡುತ್ತಿತ್ತು. ಅದು ಅಮೆರಿಕದ ನಿವೃತ್ತ ಸೈನಿಕರ ದತ್ತಾಂಶ, ಮಹಿಳೆಯರು ಶೇ. 6.38 ಮಾತ್ರ. ಹಾಗಾಗಿ ನಾನು ಎಯುಆರ್‌ಒಸಿ, ಕ್ಯಾಲಿಬ್ರೇಶನ್ ಇಳಿಜಾರು (ಹೇಳಿದ ಸಂಭವನೀಯತೆ ನಿಜದೊಂದಿಗೆ ಹೊಂದುತ್ತದೆಯೇ ಎಂಬ ಅಳತೆ, 1 ಇದ್ದರೆ ಸರಿ) ಎರಡನ್ನೂ ಗಂಡು, ಹೆಣ್ಣು, ವಯಸ್ಸು, ಹಳೆಯ ಕಿಡ್ನಿ ಕಾಯಿಲೆ ಹೀಗೆ ಗುಂಪು ಗುಂಪಾಗಿ ನೋಡುತ್ತೇನೆ. ಇಲ್ಲಿ ಒಂದು ಎಚ್ಚರ: ಮಿಮಿಕ್‌ನಲ್ಲಿ 89 ದಾಟಿದವರೆಲ್ಲರ ವಯಸ್ಸು 91 ಎಂದೇ ಬರೆದಿರುತ್ತದೆ, ಆ ತುದಿಯ ವಯಸ್ಸನ್ನು ಅಂಕಿಯಾಗಿ ಓದುವಂತಿಲ್ಲ.

ಹೊರಗಿನ ಪರೀಕ್ಷೆಗೆ ಇಐಸಿಯು ದತ್ತಾಂಶ: 2014–2015ರ, 208 ಆಸ್ಪತ್ರೆಗಳ ದಾಖಲೆ. ಮಾದರಿಯನ್ನು ಮುಟ್ಟದೆ ಒಮ್ಮೆ ಓಡಿಸಿ, ಆಸ್ಪತ್ರೆವಾರು ಕ್ಯಾಲಿಬ್ರೇಶನ್ ಬಿಡಿಸಿ ನೋಡಬೇಕು. ಅಪಾಯದ ಪ್ರಕಾರ ರೋಗಿಗಳ ಹಿಂದುಮುಂದಿನ ಕ್ರಮ ಸರಿಯಾಗಿದ್ದು ಸಂಭವನೀಯತೆ ಮಾತ್ರ ಒಟ್ಟಾರೆ ಮೇಲೋ ಕೆಳಗೋ ಜಾರಿದ್ದರೆ, ಇಂಟರ್ಸೆಪ್ಟ್ (ಎಲ್ಲ ಸಂಭವನೀಯತೆಗಳನ್ನೂ ಒಟ್ಟಿಗೆ ಏರಿಸುವ ಅಥವಾ ಇಳಿಸುವ ಸ್ಥಿರಾಂಕ) ಒಂದನ್ನೇ ಸ್ಥಳೀಯ ದತ್ತಾಂಶದಿಂದ ಮತ್ತೆ ಅಂದಾಜಿಸಿದರೆ ಸಾಕು. ಇಳಿಜಾರು 1ಕ್ಕಿಂತ ತೀರಾ ಕೆಳಗಿದ್ದರೆ ಮಾದರಿ ತರಬೇತಿಯ ಆಸ್ಪತ್ರೆಯನ್ನು ಬಾಯಿಪಾಠ ಮಾಡಿದೆ. ಆಗ ಇನ್‌ಪುಟ್‌ಗಳ ಪಟ್ಟಿಗೇ ಮರಳಿ, ಆಸ್ಪತ್ರೆಯ ಅಭ್ಯಾಸವನ್ನು ಹೊತ್ತುತಂದ ಕಾಲಂ ಯಾವುದೆಂದು ಒಂದೊಂದಾಗಿ ತೆಗೆದು ನೋಡುತ್ತೇನೆ.