ಸೋಲಾರ್ ಪ್ಯಾನೆಲ್ ನಾನೇ ಜೋಡಿಸಿದೆ: ವೈರಿಂಗ್ ತಯಾರಿಯ ನನ್ನ ಅನುಭವ

ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟ. ಅಲ್ಲಿನ ಶೆಡ್ಡಿಗೆ ಕರೆಂಟ್ ಇಲ್ಲ. ರಾತ್ರಿ ಎರಡು ಬಲ್ಬು, ಒಂದು ಸಣ್ಣ ಫ್ಯಾನ್ ಓಡಿದರೆ ಸಾಕಿತ್ತು. 36 ಬಿಡಿ ಸೋಲಾರ್ ಸೆಲ್ ತರಿಸಿ ಪ್ಯಾನೆಲ್ ನಾನೇ ಜೋಡಿಸಿದೆ. ಚೌಕಟ್ಟು, ಗಾಜು ಎರಡು ದಿನದಲ್ಲಿ ಮುಗಿಯಿತು. ವೈರಿಂಗಿಗೆ ಹತ್ತು ದಿನ ಹಿಡಿಯಿತು.

ಸೆಲ್ ಎಷ್ಟೇ ದೊಡ್ಡದಿರಲಿ, ಕೊಡೋದು ಸುಮಾರು ಅರ್ಧ ವೋಲ್ಟ್. 36 ಸೆಲ್ ಸಾಲಾಗಿ ಸೇರಿಸಿದರೆ 18 ವೋಲ್ಟ್. 12 ವೋಲ್ಟ್ ಬ್ಯಾಟರಿಗೆ ಇದು ಜಾಸ್ತಿ ಅನ್ನಿಸಬಹುದು. ಆದರೆ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬೋಕೆ 14.4 ವೋಲ್ಟ್ ಬೇಕು. ಏಪ್ರಿಲ್ ಬಿಸಿಲಿಗೆ ಸೆಲ್ 60 ಡಿಗ್ರಿ ಕಾದರೆ ಆ 18 ವೋಲ್ಟ್ ಹದಿನೈದೂವರೆಗೆ ಇಳಿಯುತ್ತದೆ. ಕೈಯಲ್ಲಿ ಉಳಿಯೋದು ಒಂದೇ ವೋಲ್ಟ್. ಅದನ್ನೂ ವೈರ್ ತಿಂದುಬಿಟ್ಟರೆ ಬ್ಯಾಟರಿ ಯಾವತ್ತೂ ತುಂಬಲ್ಲ.

ಮನೆಯಲ್ಲಿ ಒಂದೂವರೆ ಎಂಎಂ ವೈರ್ ಉಳಿದಿತ್ತು. ಚಾವಣಿಯಿಂದ ಬ್ಯಾಟರಿಗೆ 12 ಮೀಟರ್, ಹೋಗಿ ಬರೋಕೆ 24. ಏಳೂವರೆ ಆಂಪ್ ಹರಿದರೆ ಆ ವೈರಿನಲ್ಲೇ ಎರಡು ವೋಲ್ಟಿಗಿಂತ ಜಾಸ್ತಿ ಹೋಗುತ್ತಿತ್ತು. ಹಾಗಾಗಿ ಬ್ಯಾಟರಿಯನ್ನೇ ಪ್ಯಾನೆಲ್ ಕೆಳಗಿನ ಗೋಡೆಗೆ ತಂದೆ. ದೂರ 5 ಮೀಟರಿಗೆ ಇಳಿಯಿತು. 4 ಎಂಎಂ ಸೋಲಾರ್ ಕೇಬಲ್ ಎಳೆದೆ. ಈಗ ಅರ್ಧ ವೋಲ್ಟೂ ಹೋಗಲ್ಲ.

ಸೆಲ್‌ಗಳನ್ನು ಸೇರಿಸೋದು ಟ್ಯಾಬಿಂಗ್ ವೈರ್, ಅಂದರೆ ತವರ ಹಚ್ಚಿದ ತಾಮ್ರದ ಸಣ್ಣ ಪಟ್ಟಿ. ನನ್ನ ಸೆಲ್ಲಿನ ಅಗಲ 156 ಮಿಲಿಮೀಟರ್. ಒಂದರ ಮುಂಭಾಗದಿಂದ ಪಕ್ಕದ್ದರ ಹಿಂಭಾಗಕ್ಕೆ ಹೋಗಬೇಕಾದ್ದರಿಂದ ಪಟ್ಟಿ ಸುಮಾರು 300 ಮಿಲಿಮೀಟರ್ ಬೇಕು. ಸೆಲ್ಲಿಗೆ ಮೂರರಂತೆ 108 ತುಂಡು. ಹಲಗೆಗೆ ಎರಡು ಮೊಳೆ ಹೊಡೆದು, ಅದೇ ಅಳತೆಗೆ ಎಲ್ಲವನ್ನೂ ಮೊದಲೇ ಕತ್ತರಿಸಿಟ್ಟೆ.

ಸುರುಳಿಯಿಂದ ಬಂದ ಪಟ್ಟಿ ಸುಮ್ನೆ ಇಟ್ಟರೆ ಬಾಗಿಯೇ ಇರುತ್ತದೆ. ಒಂದು ತುದಿ ಇಕ್ಕಳದಲ್ಲಿ ಬಿಗಿದು, ಇನ್ನೊಂದು ತುದಿ ಮೆಲ್ಲಗೆ ಎಳೆದೆ. ಒಂದು ಹಂತದಲ್ಲಿ ಕೈಗೆ ಚೂರು ಸಡಿಲವಾದ ಹಾಗೆ ಆಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಬಿಟ್ಟಾಗ ದಾರ ಹಿಡಿದ ಹಾಗೆ ನೆಟ್ಟಗೆ ಬರುತ್ತದೆ. ಸೆಲ್ಲಿನ ದಪ್ಪ 0.2 ಮಿಲಿಮೀಟರ್ ಅಷ್ಟೆ. "ಇದೇನೋ, ಹಪ್ಪಳಕ್ಕಿಂತ ತೆಳು ಇದೆಯಲ್ಲೋ" ಅಂದರು ಅಮ್ಮ. ಬಾಗಿದ ಪಟ್ಟಿ ಬೆಸೆದರೆ ಅದರ ಎಳೆತಕ್ಕೇ ಸೆಲ್ ಸೀಳುತ್ತದೆ. ಎರಡು ಸೆಲ್ ನಡುವೆ ಪಟ್ಟಿಗೆ ಸಣ್ಣ ಮಡಿಕೆ ಕೊಟ್ಟೆ, ಬಿಸಿಲಿಗೆ ಹಿಗ್ಗೋಕೆ ಜಾಗ ಬೇಕಲ್ವಾ. 25 ವ್ಯಾಟ್ ಸಾಲ್ಡರಿಂಗ್ ಐರನ್ನಿನ ಬಿಸಿ ಸಾಲಲಿಲ್ಲ. ಅಗಲ ಮೂತಿಯ 60 ವ್ಯಾಟಿನದು ಸರಿಯಾಯಿತು.

ಸೆಲ್‌ಗಳನ್ನು 9ರಂತೆ ಸಾಲು ಮಾಡಿ ಬೆಸೆಯುತ್ತಿದ್ದೆ, ಮೂರನೇ ಸಾಲಿನಲ್ಲಿ ಎಡವಿದೆ. ಮೀಟರ್ ಐದು ವೋಲ್ಟ್ ದಾಟಿ ತೋರಿಸಿತು, ಸರಿ ಇದೆ ಅಂದುಕೊಂಡೆ. ಬಿಸಿಲಿಗೆ ಹಿಡಿದು ಆಂಪ್ ನೋಡಿದರೆ ಬರೀ ಎರಡು! ಒಂದು ಸೆಲ್ಲಿನ ಹಿಂಬದಿಗೆ ಫ್ಲಕ್ಸ್, ಅಂದರೆ ಬೆಸುಗೆ ಹಿಡಿಯೋಕೆ ಹಚ್ಚುವ ದ್ರಾವಣ, ಹಚ್ಚೋದು ಮರೆತಿದ್ದೆ. ಪಟ್ಟಿಗಳು ಬೆಸೆದುಕೊಂಡಿರಲಿಲ್ಲ, ಸುಮ್ನೆ ತಾಗಿಕೊಂಡಿದ್ದವು. ಕರೆಂಟ್ ಹರಿಯದೆ ಇರುವಾಗಿನ ಖಾಲಿ ವೋಲ್ಟೇಜ್ ನೋಡಿದರೆ ಇಂಥ ಜಾಯಿಂಟ್ ಗೊತ್ತಾಗಲ್ಲ. ಆಮೇಲೆ ಪ್ರತಿ ಸಾಲನ್ನೂ ಮೀಟರಿನ 10 ಆಂಪ್ ರೇಂಜಿನಲ್ಲಿ ನೋಡಿಯೇ ಮುಂದಕ್ಕೆ ಹೋದೆ. ಗಾಜು ಮುಚ್ಚಿದ ಮೇಲೆ ಬಿಚ್ಚೋಕಾಗಲ್ಲ.

ಸಾಲಿಗೆ 9ರಂತೆ ನಾಲ್ಕು ಸಾಲು ಮಾಡಿದ್ದರಿಂದ ಪ್ಲಸ್, ಮೈನಸ್, ನಡುವಿನ ವೈರ್ ಮೂರೂ ಒಂದೇ ಕಡೆಗೆ ಬಂದವು. ಜಂಕ್ಷನ್ ಬಾಕ್ಸಿನಲ್ಲಿ 18 ಸೆಲ್ಲಿಗೆ ಒಂದರಂತೆ ಎರಡು ಬೈಪಾಸ್ ಡಯೋಡ್ ಹಾಕಿದೆ. ನೆರಳು ಬಿದ್ದ ಅರ್ಧವನ್ನು ಬಿಟ್ಟು ಕರೆಂಟ್ ಡಯೋಡ್ ಮೂಲಕ ಸುತ್ತಿ ಹೋಗುತ್ತದೆ, ನೆರಳು ಬಿದ್ದ ಸೆಲ್ ಕಾದು ಸುಡದ ಹಾಗೆ ಇವು ಕಾಯುತ್ತವೆ. ಆದರೆ ಉಳಿದ ಅರ್ಧದ 9 ವೋಲ್ಟಿಗೆ ಬ್ಯಾಟರಿ ತುಂಬಲ್ಲ. ಅದಕ್ಕೇ ತೆಂಗಿನ ಗರಿಯ ನೆರಳು ಬೀಳದ ಜಾಗ ಹುಡುಕಿ ಪ್ಯಾನೆಲ್ ಕೂರಿಸಿದೆ. ಬ್ಯಾಟರಿ ಪ್ಲಸ್ ತುದಿಯ ಪಕ್ಕದಲ್ಲೇ 15 ಆಂಪ್ ಫ್ಯೂಸ್ ಹಾಕಿ, ಬ್ಯಾಟರಿ ಅತಿಯಾಗಿ ತುಂಬದ ಹಾಗೆ ನೋಡಿಕೊಳ್ಳುವ ಚಾರ್ಜ್ ಕಂಟ್ರೋಲರ್ ಮೂಲಕ ಜೋಡಿಸಿದೆ. ಮಧ್ಯಾಹ್ನ ಹನ್ನೆರಡಕ್ಕೆ ಮೀಟರ್ 7.4 ಆಂಪ್ ತೋರಿಸಿತು.